ಎರಡು ಗಂಟೆಯ ಔಷಧ

ಶಿವಾನಿಗೆ ದಿನಕ್ಕೆ ಎರಡು ಸಲ ಮೂತ್ರ ಹೋಗುವ ಔಷಧ ಕೊಡಬೇಕಿತ್ತು. ಬೆಳಿಗ್ಗೆ ಎಂಟಕ್ಕೆ ಒಮ್ಮೆ, ಮಧ್ಯಾಹ್ನ ಎರಡಕ್ಕೆ ಒಮ್ಮೆ. ಬೆಳಗಿನದನ್ನು ಅವಳ ತಾಯಿ ಕರುಣಾ ಕೊಡುತ್ತಿದ್ದಳು. ಮಧ್ಯಾಹ್ನದ್ದು ನನ್ನ ಪಾಲಿಗೆ. ಇದು ನಮ್ಮಿಬ್ಬರನ್ನು ಬಿಟ್ಟು ಮನೆಯಲ್ಲಿ ಬೇರೆ ಯಾರಿಗೂ ಗೊತ್ತಿರಲಿಲ್ಲ.

ಶಿವಾನಿ ನನ್ನ ಮೊಮ್ಮಗಳು, ಮಗ ಅಮಿತಕುಮಾರನ ಮೊದಲ ಕೂಸು. ಹುಟ್ಟುವಾಗಲೇ ಅವಳ ಹೃದಯದ ನಡುಗೋಡೆಯಲ್ಲಿ ತೂತಿತ್ತು. ಬೀದರಿನಲ್ಲಿ ಅವಳನ್ನು ನೋಡುತ್ತಿದ್ದ ಮಕ್ಕಳ ಡಾಕ್ಟರು ಇರಮ ಅಂತ. ಮೂರನೇ ಇಯತ್ತೆಗೆ ಸಾಲೆ ಬಿಟ್ಟ ನನ್ನಂಥವನಿಗೂ ತಿಳಿಯುವ ಹಾಗೆ ಅವರು ಹೇಳಿದ್ದರು.

"ಅಜ್ಜಾ, ಎದಿಯಾಗಿನ ಪಂಪು ಸೋರ್ತದ. ಅದಕ್ಕ ಮೈಯಾಗ ನೀರು ನಿಂದರ್ತದ. ಈ ಔಷಧ ಆ ನೀರು ಹೊರಗ ಹಾಕ್ತದ. ಇದೊಂದು ತಪ್ಪಸಬ್ಯಾಡ್ರಿ."

ಅವರು ಹೇಳಿದ್ದು ನನಗೆ ನೆನಪಿತ್ತು. ಮರೆತಿದ್ದೆ ಎಂದು ಹೇಳಲಾರೆ.

ಆರು ತಿಂಗಳ ಕೂಸು ಹಾಲು ಕುಡಿಯಲು ಮುಕ್ಕಾಲು ತಾಸು ತೆಗೆದುಕೊಳ್ಳುತ್ತಿತ್ತು. ಎರಡು ಗುಟುಕು ಎಳೆಯುವಷ್ಟರಲ್ಲಿ ಹಣೆಯ ಮೇಲೆ ಬೆವರು ಬರುತ್ತಿತ್ತು, ಹೊಲದಲ್ಲಿ ಕೆಲಸ ಮಾಡಿದವರಿಗೆ ಬಂದಂತೆ. ಎದೆ ಚೀಪುವ ಶಕ್ತಿ ಇರಲಿಲ್ಲ. ಕರುಣಾ ಹಾಲು ಹಿಂಡಿ ಚಮಚದಲ್ಲಿ ತುಟಿಯ ಮೂಲೆಗೆ ಹನಿ ಹನಿಯಾಗಿ ಬಿಡುತ್ತಿದ್ದಳು. ಎರಡು ತಾಸಿಗೊಮ್ಮೆ, ಹಗಲೂ ರಾತ್ರಿಯೂ. ಅಳಲು ಬಿಡುವಂತಿಲ್ಲ, ಅತ್ತರೆ ತುಟಿ ನೀಲಿಗಟ್ಟುತ್ತಿತ್ತು. ಅಂಗಾತ ಮಲಗಿಸಿದರೆ ಉಸಿರು ಮೇಲೆ ಮೇಲೆ ಬರುತ್ತಿತ್ತು. ಅದಕ್ಕೆ ತಾಯಿ ಗೋಡೆಗೆ ಒರಗಿ ಕುಳಿತು, ಹೆಗಲ ಮೇಲೆ ಕೂಸನ್ನು ಹಾಕಿಕೊಂಡು ರಾತ್ರಿ ಕಳೆಯುವಳು. ಓಣಿಯಲ್ಲಿ ಯಾರಿಗೋ ನೆಗಡಿ ಬಂದರೆ ನಾಲ್ಕನೇ ದಿನ ಅದು ಶಿವಾನಿಯ ಮೂಗಿನಲ್ಲಿ. ಒಂದು ನೆಗಡಿ ಬಂದು ಹೋದರೆ ಇನ್ನೂರು ಗ್ರಾಂ ಇಳಿಯುತ್ತಿತ್ತು. ಅದನ್ನು ಮತ್ತೆ ಕೂಡಿಸಲು ಒಂದು ತಿಂಗಳು.

ನನ್ನ ಹೆಂಡತಿ ಶಾಂತಾಬಾಯಿಗೆ ಇದೆಲ್ಲ ಸೊಸೆಯ ನಾಜೂಕಾಗಿ ಕಾಣುತ್ತಿತ್ತು.

"ನಾವೂ ಹಡದೀವಿ" ಎನ್ನುವಳು. "ಗಡಿಯಾರ ನೋಡಿ ಹಾಲು ಕುಡಿಸಿದ್ದಿಲ್ಲ ತಾಯಿ. ಈಕಿ ಕೂಸು ಸಾಕ್ತಾಳೋ, ರೇಲ್ವೆ ನಡಸ್ತಾಳೋ."

ಸೊಸೆ ಹಗಲಲ್ಲಿ ಮಲಗುವುದು ಅವಳಿಗೆ ಸರಿಬರುತ್ತಿರಲಿಲ್ಲ. ಶಾಂತಾಬಾಯಿ ಮಧ್ಯಾಹ್ನ ಊಟವಾದ ಮೇಲೆ ನಮ್ಮ ನೌಬಾದ ಓಣಿಯ ಹೆಂಗಸರ ಜೊತೆ ವಚನ ಹೇಳಲು ಹೋದರೆ ನಾಲ್ಕಕ್ಕೆ ಬರುವಳು. ಆ ಎರಡು ತಾಸು ನಾನು ಕರುಣಾಳಿಗೆ ಕೊಟ್ಟಿದ್ದೆ. ಒಂದು ದಿನ ಅವಳು ಒಲೆಯ ಮುಂದೆ ನಿಂತಲ್ಲೇ ತೂಕಡಿಸಿ ಸೀರೆಯ ಸೆರಗು ಬೆಂಕಿಗೆ ಹತ್ತಿತ್ತು. ಅಂದಿನಿಂದ ನಾನೇ ಹೇಳಿದೆ, "ಮಕ್ಕೊ ಅವ್ವ, ಕೂಸಿನ ನಾ ಹಿಡೀತೇನಿ." ಅವಳು ಸೂಜಿಯಿಲ್ಲದ ಸಣ್ಣ ಪಿಚಕಾರಿಯಲ್ಲಿ ನಾಲ್ಕು ಗೆರೆಯವರೆಗೆ ಔಷಧ ತುಂಬಿ ಗೋಡೆಯ ಮಾಡದಲ್ಲಿ ಇಟ್ಟು ಮಲಗುತ್ತಿದ್ದಳು. ಎರಡಕ್ಕೆ ನಾನು ಕೊಡುತ್ತಿದ್ದೆ. ನಾಲ್ಕಕ್ಕೆ ಮೊದಲು ಎಬ್ಬಿಸುತ್ತಿದ್ದೆ.

ಡಾಕ್ಟರ್ ಇರಮ ಒಂದು ದಿನ ಹೇಳಿದರು, ತಮ್ಮ ದವಾಖಾನೆಗೆ ಬರುವ ತಿಂಗಳು ಹೈದರಾಬಾದಿನಿಂದ ಹೃದಯದ ಡಾಕ್ಟರುಗಳು ಬರುತ್ತಾರೆ, ಶಿಬಿರ ಮಾಡಿ ಆಪರೇಷನ್ನಿಗೆ ಮಕ್ಕಳನ್ನು ಆರಿಸುತ್ತಾರೆ ಎಂದು.

"ಐದು ಕಿಲೋ ಆಗಿರಬೇಕು. ಅದಕ್ಕ ಕಮ್ಮಿ ಇದ್ದವರಿಗಿ ಈ ಸಲ ಡೇಟ್ ಇಲ್ಲ. ಮತ್ತ ಅವರು ಬರೋದು ಮೂರು ತಿಂಗಳಿಗಿ."

"ಮೂರು ತಿಂಗಳು ಈಕಿ ಕಾಯ್ತಾಳೇನ್ರಿ ಮೇಡಂ?" ಎಂದು ಕರುಣಾ ಕೇಳಿದಳು.

ಡಾಕ್ಟರು ಚೀಟಿ ಬರೆಯುತ್ತ ಇದ್ದರು. "ಹಾಲಿನಾಗ ಕೊಬ್ಬರಿ ಎಣ್ಣಿ ಎರಡು ಹನಿ ಹಾಕ್ರಿ" ಎಂದಷ್ಟೇ ಹೇಳಿದರು.

ನಾನು ಮೂವತ್ತೆಂಟು ವರ್ಷ ಬೀದರಿನ ಧಾನ್ಯಪೇಟೆ ಗಾಂಧಿ ಗಂಜಿನ ಒಂದು ಅಡತ ಅಂಗಡಿಯಲ್ಲಿ ತೂಕ ಹಾಕಿದವನು. ಹುಟ್ಟಿದ್ದು ಚಿಂತಾಕಿಯಲ್ಲಿ, ಹೊಟ್ಟೆ ತುಂಬಿದ್ದು ಗಂಜಿನಲ್ಲಿ. ನಾನು ಕೂಗಿದ ತೂಕವನ್ನು ರೈತನೂ ಒಪ್ಪುತ್ತಿದ್ದ, ಸಾವಕಾರನೂ ಒಪ್ಪುತ್ತಿದ್ದ. ಈ ವೈಜಿನಾಥ ಹೇಳಿದ ಮೇಲೆ ಮತ್ತೊಮ್ಮೆ ಕಾಟಾ ಹಾಕುವ ರೂಢಿ ಇರಲಿಲ್ಲ. ಹೀಗಾಗಿ ಶಿವಾನಿಯ ತೂಕವನ್ನೂ ಸೋಮವಾರ ಸೋಮವಾರ ಅಲ್ಲಿಯೇ ನೋಡುತ್ತಿದ್ದೆವು, ಬೆಳಿಗ್ಗೆ ಏಳಕ್ಕೆ, ಧೂಳು ಏಳುವ ಮೊದಲು. ಆ ಅಂಗಡಿಯ ಕೀಲಿ ಈಗ ಕರೀಮ ಸಾಬನ ಕೈಯಲ್ಲಿ. ನನ್ನ ವಾರಗೆಯವನು, ಮೊದಲು ಕೈಗಾಡಿ ಎಳೆಯುತ್ತಿದ್ದ.

ಶಿಬಿರಕ್ಕೆ ಹನ್ನೊಂದು ದಿನ ಇರುವಾಗ ಹೋದೆವು. ಕರೀಮ ಸಾಬ ಕಾಟಾದ ಮೇಲೆ ಶುದ್ಧ ಬಟ್ಟೆ ಹಾಸಿದ.

"ಏನ್ ಭಾಯಿ, ಇವತ್ತ ಎಷ್ಟು ಚೀಲ ತಂದಿ?"

"ಒಂದೇ. ಅದೂ ಅರ್ಧ ಖಾಲಿ" ಎಂದೆ.

"ಖಾಲಿ ಅನಬ್ಯಾಡ. ರಾಣಿ ಅದಾಳ ನಮ್ಮ ಪೋರಿ."

ಕಾಟಾ ನಾಲ್ಕು ಕಿಲೋ ಐನೂರ ಎಂಬತ್ತು ತೋರಿಸಿತು. ಹಿಂದಿನ ವಾರ ನಾಲ್ಕು ಕಿಲೋ ಆರುನೂರ ಹತ್ತು ಇತ್ತು. ಕರುಣಾ ಕಾಟಾದ ಅಂಕಿಯನ್ನೇ ನೋಡುತ್ತ ನಿಂತಳು.

"ಕೊಬ್ಬರಿ ಎಣ್ಣಿನೂ ಹಾಕೀನ್ರಿ ಮಾವಾ. ಒಂದು ಚಮಚನೂ ಬಿಟ್ಟಿಲ್ಲ. ಎಲ್ಲಿ ಹೋಗ್ತದ ಇದು?"

"ಉಚ್ಚಿಯಾಗ ಹೋಗ್ತದ, ಬೇಟಿ" ಎಂದ ಕರೀಮ ಸಾಬ, ಕೂಸಿಗೆ ಸುತ್ತಿದ್ದ, ಒದ್ದೆಯಾದ ದುಪ್ಪಟಿಯ ತುಂಡನ್ನು ಎತ್ತಿ. ಆಮೇಲೆ ನನ್ನ ಕಡೆ ತಿರುಗಿ ನಕ್ಕ. "ನಿನ್ನಿ ಒಬ್ಬ ಹಸಿ ತೊಗರಿ ತಂದಿದ್ದ. ಒಣಗಿಸಿ ತಾ ಅಂದ್ರ ಅಂತಾನ, ಚಾಚಾ, ಒಣಗಿದ್ರ ವಜನ ಎಲ್ಲಿ ಉಳೀತದ?"

ಅವನು ನಗಿಸಲೆಂದು ಹೇಳಿದ್ದು. ನಾನೂ ನಕ್ಕೆ. ಆದರೆ ಆಟೋದಲ್ಲಿ ಬರುವಾಗ ನನ್ನ ತಲೆಯಲ್ಲಿ ಬೇರೆ ಏನೂ ಇರಲಿಲ್ಲ. ಔಷಧ ಕೊಟ್ಟ ತಾಸೊತ್ತಿನಲ್ಲಿ ಕೂಸು ಮೂರು ದುಪ್ಪಟಿ ತೋಯಿಸುತ್ತಿತ್ತು. ಆ ಮೂರು ದುಪ್ಪಟಿಯನ್ನು ಕೈಯಲ್ಲಿ ಹಿಡಿದು ತೂಕ ಹೇಳಬಲ್ಲವನು ನಾನು. ಒಂದೊಂದರಲ್ಲಿ ಐವತ್ತು, ಅರವತ್ತು ಗ್ರಾಂ ನೀರು. ಡೇಟ್ ಒಂದು ಕೊಡಲಿ, ಕಾಗದದ ಮೇಲೆ ಒಂದು ಸಲ ಐದು ಎಂದು ಬರೆಯಲಿ, ಆಮೇಲೆ ದಿನಾ ಕೊಟ್ಟರಾಯಿತು. ಹತ್ತು ದಿನದಲ್ಲಿ ಏನಾಗುತ್ತದೆ. ಬೆಳಗಿನದು ಹೇಗೂ ಒಳಗೆ ಹೋಗುತ್ತದೆ.

ಮರುದಿನ ಎರಡಕ್ಕೆ ಮಾಡದಿಂದ ಪಿಚಕಾರಿ ತೆಗೆದುಕೊಂಡು ಬಚ್ಚಲಿಗೆ ಹೋಗಿ ಔಷಧ ಚೆಲ್ಲಿದೆ. ಮೇಲೆ ಒಂದು ತಂಬಿಗೆ ನೀರು ಹಾಕಿದೆ. ಕರುಣಾ ಒಳಕೋಣೆಯಲ್ಲಿ ಬಾಯಿ ತೆರೆದು ಮಲಗಿದ್ದಳು. ಶಿವಾನಿ ನನ್ನ ಹೆಗಲ ಮೇಲೆ ಇದ್ದಳು. ಪಿಚಕಾರಿ ಕಂಡರೆ ಬಾಯಿ ತೆರೆಯುವುದು ಅವಳಿಗೆ ರೂಢಿ. ಅಂದೂ ತೆರೆದಳು.

ನಾಲ್ಕನೇ ದಿನಕ್ಕೆ ಮೈ ತುಂಬಿದಂತೆ ಕಂಡಿತು. ಸೋಮವಾರ ಕಾಟಾದ ಮೇಲೆ ನಾಲ್ಕು ಕಿಲೋ ಎಂಟುನೂರ ಅರವತ್ತು. ಕರೀಮ ಸಾಬ ಎಲ್ಲರಿಗೂ ಚಹಾ ತರಿಸಿದ. ಆರು ತಿಂಗಳಿಂದ ಕೂಸನ್ನು ಕಾಗೆಮರಿ ಎನ್ನುತ್ತಿದ್ದ ಶಾಂತಾಬಾಯಿ ಅಂದು ಅವಳ ಗಲ್ಲ ಹಿಡಿದು ಅಕ್ಕಪಕ್ಕದವರಿಗೆ ತೋರಿಸಿದಳು. ದೃಷ್ಟಿ ತಾಗಬಾರದೆಂದು ಕಾಲಿಗೆ ಕರಿ ದಾರ ಕಟ್ಟಿದಳು. ಮರುದಿನ ಆ ದಾರ ಚರ್ಮದೊಳಗೆ ಹೂತಿತ್ತು.

"ಅತ್ತಿ, ಕಣ್ಣು ಬಾತ್ಹಂಗ ಕಾಣ್ತಾವ" ಎಂದಳು ಕರುಣಾ. "ಉಸಿರು ಎಣಿಸೀನಿ. ನಿಮಿಷಕ್ಕ ಎಪ್ಪತ್ತು ಆಗ್ಲಿಕತ್ತಾವ. ಒಮ್ಮಿ ಮೇಡಂ ಹತ್ರ ಹೋಗಿ ಬರೋಣ್ರಿ."

"ಕೂಸು ಸೊರಗಿದ್ರೂ ಅಳ್ತೀ, ತುಂಬಿದ್ರೂ ಅಳ್ತೀ. ನಿನ್ನ ಸಂತೋಷ ಯಾವ ಅಂಗಡ್ಯಾಗ ಸಿಗ್ತದ ಹೇಳು, ಅಮಿತಗ ತರಲಿಕ್ಕ ಹೇಳ್ತೇನಿ."

ಮಧ್ಯಾಹ್ನ ಶಾಂತಾಬಾಯಿ ಹೋದ ಮೇಲೆ ಕರುಣಾ ನನ್ನ ಹತ್ತಿರ ಬಂದಳು.

"ಮಾವಾ, ಎರಡು ಗಂಟೆದು ಪೂರಾ ಒಳಗ ಹೋಗ್ತದಲ್ರಿ? ಉಗುಳ್ತಾಳೇನು?"

"ಇಲ್ಲವ್ವ. ಹೋಗ್ತದ."

"ಆಕಿಗೇನರ ಆದ್ರ ನಾ ಉಳಿಯಂಗಿಲ್ರಿ ಮಾವಾ."

"ಮೂರೇ ದಿನ ಅದ" ಎಂದೆ. "ಶಿಬಿರದಾಗ ದೊಡ್ಡ ಡಾಕ್ಟರೇ ನೋಡ್ತಾರ. ಈಗ ಯಾಕ ಕೂಸಿನ ತಿರುಗಾಡಸ್ತಿ."

ನನ್ನ ಮಾತಿಗೆ ಅವಳು ಎದುರು ಆಡಿದವಳಲ್ಲ. ಪಿಚಕಾರಿ ತುಂಬಿ ಮಾಡದಲ್ಲಿ ಇಟ್ಟು ಮಲಗಲು ಹೋದಳು. ನಾನು ಬಚ್ಚಲಿಗೆ ಹೋದೆ.

ಶಿಬಿರದ ದಿನ ಅಮಿತಕುಮಾರ ಟೈರಿನ ಅಂಗಡಿಗೆ ರಜೆ ಹೇಳಿ ಬಂದ. ನಾಜಿಯಾ ಎಂಬ ನರ್ಸು ತೂಕ ಹಾಕಿದಳು. "ಐದು ಕಿಲೋ ಮೂವತ್ತು" ಎಂದು ಕೂಗಿದಳು. ಅಮಿತ ನನ್ನ ಭುಜ ಹಿಡಿದು ಅಲುಗಾಡಿಸಿದ. ಶಾಂತಾಬಾಯಿ ಎರಡೂ ಕೈ ಹಣೆಗೆ ಒತ್ತಿಕೊಂಡಳು. ನನ್ನ ಎದೆಯೂ ಹಗುರವಾಯಿತು. ಅದು ಹತ್ತು ನಿಮಿಷದ ಮಾತು.

ಡಾಕ್ಟರ್ ಇರಮ ಕೂಸಿನ ಅಂಗಿ ಬಿಚ್ಚಿಸಿದರು. ಪಾದದ ಮೇಲೆ ಹೆಬ್ಬೆರಳು ಒತ್ತಿ ತೆಗೆದರು. ಬೆರಳಿನ ಗುಳಿ ಹಾಗೆಯೇ ಉಳಿಯಿತು, ನಾದಿದ ಹಿಟ್ಟಿನಲ್ಲಿ ಉಳಿಯುವಂತೆ. ಹೊಟ್ಟೆಯ ಬಲಭಾಗ ಮುಟ್ಟಿದರು. ಬೆನ್ನಿಗೆ ಕೊಳವೆ ಇಟ್ಟು ಕೇಳಿದರು. ಆಮೇಲೆ ನಮ್ಮ ಯಾರ ಮುಖವನ್ನೂ ನೋಡದೆ, "ನಾಜಿಯಾ, ಆಕ್ಸಿಜನ್" ಎಂದರು.

ಮೂಗಿಗೆ ನಳಿಕೆ, ಕೈಗೆ ಸೂಜಿ. ಸೂಜಿಗೆ ನರ ಸಿಗದೆ ನಾಲ್ಕು ಕಡೆ ಚುಚ್ಚಿದರು, ಕೊನೆಗೆ ತಲೆಯಲ್ಲಿ ಸಿಕ್ಕಿತು. ಅಳಲು ಕೂಸಿಗೆ ಉಸಿರು ಸಾಲಲಿಲ್ಲ. ಬಾಯಿ ತೆರೆಯುತ್ತಿತ್ತು, ಶಬ್ದ ಬರುತ್ತಿರಲಿಲ್ಲ.

ತಾಸಿನ ನಂತರ ಡಾಕ್ಟರು ಹೊರಗೆ ಬಂದರು.

"ಇದು ಕೂಸಿನ ವಜನ ಅಲ್ಲ, ನೀರಿನ ವಜನ. ಪುಪ್ಪುಸದಾಗೂ ತುಂಬೇದ. ಈ ಪರಿ ಒಮ್ಮಿಗೆ ಬರಂಗಿಲ್ಲ. ಔಷಧ ಬಿಟ್ಟೀರಿ ಯಾರೋ. ಖರೇ ಹೇಳ್ರಿ, ಅದರ ಮ್ಯಾಲ ಮುಂದಿನ ಔಷಧ ಅಂದಾಜು ಮಾಡಬೇಕು."

ಎಲ್ಲರೂ ಕರುಣಾಳನ್ನು ನೋಡಿದರು.

"ಒಂದು ಹೊತ್ತೂ ಬಿಟ್ಟಿಲ್ರಿ ಮೇಡಂ. ಮುಂಜಾನಿ ನಾ ಕೊಡ್ತೇನಿ. ಮಧ್ಯಾಹ್ನ ತುಂಬಿ ಇಡ್ತೇನಿ, ಮಾವ ಕೊಡ್ತಾರ."

"ಮಾವ ಯಾಕ ಕೊಡ್ತಾರ?" ಎಂದಳು ಶಾಂತಾಬಾಯಿ. "ಆ ಹೊತ್ತನಾಗ ನೀ ಏನ್ ಮಾಡ್ತಿ?"

ಕರುಣಾ ತಲೆ ತಗ್ಗಿಸಿದಳು. "ಮಕ್ಕೋತೇನ್ರಿ ಅತ್ತಿ."

ಡಾಕ್ಟರು ನನ್ನ ಕಡೆ ತಿರುಗಿದರು. "ಅಜ್ಜಾ, ದಿನಾ ಕೊಟ್ಟೀರಿ ಏನು?"

ನೆಲಕ್ಕೆ ಬಿಳಿ ಫರಸಿ ಹಾಕಿದ್ದರು. ಒಂದು ಫರಸಿಯ ಮೂಲೆ ಮುರಿದಿತ್ತು. ಅದನ್ನು ನೋಡುತ್ತ ನಿಂತೆ. ಹೇಳಬೇಕೆಂದೇ ಬಾಯಿ ತೆರೆದೆ. ಅಮಿತ ನನ್ನ ಪಕ್ಕದಲ್ಲಿಯೇ ಇದ್ದ.

"ಇಟ್ಟ ದಿನ ಕೊಟ್ಟೇನ್ರಿ" ಎಂದೆ.

ಮೂರು ಮಾತು. ಅಷ್ಟು ಸಾಕಾಯಿತು.

"ದಿನಾ ಇಟ್ಟೀನಿ ಮಾವಾ" ಎಂದಳು ಕರುಣಾ. ದನಿ ಏರಿಸಲಿಲ್ಲ. ನನಗೆ ಮರೆತಿರಬಹುದು, ನೆನಪು ಮಾಡಿಕೊಟ್ಟರೆ ಸರಿಹೋಗುತ್ತದೆ ಎಂಬಂತೆ ಇತ್ತು ಆ ದನಿ. "ಒಂದು ದಿನಾನೂ ಬಿಟ್ಟಿಲ್ಲಲ್ರಿ. ಮಾಡದಾಗ. ಹೇಳ್ರಿ ಮಾವಾ."

ನಾನು ಫರಸಿಯ ಆ ಮುರಿದ ಮೂಲೆಯನ್ನೇ ನೋಡಿದೆ.

"ಅಪ್ಪ ಸುಳ್ಳ ಹೇಳ್ತಾನಂತೀ ಏನು?" ಎಂದ ಅಮಿತ. "ಗಂಜನಾಗ ಹೋಗಿ ಕೇಳ ಹೋಗು, ಅಪ್ಪ ಎಂದಾದ್ರೂ ಒಂದು ಮಾತು ಹೆಚ್ಚುಕಮ್ಮಿ ಆಡ್ಯಾನೇನಂತ. ನಿದ್ದಿ ಮಾಡಿದಿ. ನಿದ್ದಿಗಣ್ಣಾಗ ಇಟ್ಟೇನೋ ಇಲ್ಲೋ ನಿನಗೇ ಗೊತ್ತಿಲ್ಲ. ಮ್ಯಾಲ ಮುದುಕನ ಹೆಸರು ಹೇಳ್ತಿ."

ಅವಳು ನನ್ನನ್ನು ನೋಡಿದಳು. ಅವಳಿಗೆ ಆಗಲೇ ಎಲ್ಲ ತಿಳಿಯಿತು. ತಿರುಗಿ ಒಳಗೆ ಕೂಸಿನ ಹತ್ತಿರ ಹೋದಳು.

ಆರು ದಿನ ದವಾಖಾನೆಯಲ್ಲಿ ಇಟ್ಟುಕೊಂಡು ನೀರು ಇಳಿಸಿದರು. ಇಳಿದ ಮೇಲೆ ಉಳಿದ ಕೂಸು ನಾಲ್ಕು ಕಿಲೋ ಇನ್ನೂರು. ಹೈದರಾಬಾದಿನವರು ಆರು ಮಕ್ಕಳಿಗೆ ಡೇಟ್ ಬರೆದುಕೊಟ್ಟು ಹೋಗಿದ್ದರು. ಅದರಲ್ಲಿ ಶಿವಾನಿ ಇರಲಿಲ್ಲ.

ಬಿಡುಗಡೆಯಾದ ದಿನ ತವರೂರು ಭಾಲ್ಕಿಯಿಂದ ಕರುಣಾಳ ತಮ್ಮ ರತ್ನದೀಪ ಬಂದಿದ್ದ. ಕರೆಸಿದ್ದು ಶಾಂತಾಬಾಯಿಯೇ. ಕೂಸನ್ನು ತಾನು ಎತ್ತಿಕೊಂಡು, ಸೊಸೆಯ ಬಟ್ಟೆಯ ಚೀಲವನ್ನು ಅವನ ಕೈಗೆ ಕೊಟ್ಟಳು.

"ಕರಕೊಂಡು ಹೋಗಪ್ಪ. ಅಲ್ಲಿ ಹೊಟ್ಟಿತುಂಬ ನಿದ್ದಿ ಮಾಡಲಿ. ಯಾರೂ ಎಬ್ಬಸಂಗಿಲ್ಲ."

"ಕೂಸು ತಾಯಿ ಹಾಲು ಕುಡೀತದಲ್ರಿ" ಎಂದ ರತ್ನದೀಪ.

"ಹಾಲು ಅಂಗಡ್ಯಾಗೂ ಸಿಗ್ತದ. ಜೀವ ಅಂಗಡ್ಯಾಗ ಸಿಗಂಗಿಲ್ಲ."

"ಇನ್ನ ಔಷಧ ಎಲ್ಲ ಅಪ್ಪನ ಕೈಯಾಗ" ಎಂದ ಅಮಿತ. "ಅವನೊಬ್ಬನ ಮ್ಯಾಲ ನನಗ ಭರೋಸ ಅದ."

ಕರುಣಾ ಅಳಲಿಲ್ಲ, ಕಾಲು ಹಿಡಿಯಲಿಲ್ಲ. ನೇರ ನನ್ನ ಮುಂದೆ ಬಂದು ನಿಂತಳು. "ನಾಲ್ಕು ಗೆರಿ" ಎಂದಳು. "ಒಂದು ಹೆಚ್ಚಲ್ಲ, ಒಂದು ಕಮ್ಮಿ ಅಲ್ಲ. ಗಲ್ಲದ ಒಳಗ ಬಿಡ್ರಿ, ಗಂಟಲಿಗಿ ಹೊಡೀಬ್ಯಾಡ್ರಿ, ಠಸಕ್ಯಾ ಹತ್ತಿ ಕೆಮ್ಮತದ." ಮಾವಾ ಎನ್ನಲಿಲ್ಲ.

ಅಂದಿನಿಂದ ಎರಡೂ ಹೊತ್ತು ನಾನೇ ಕೊಟ್ಟೆ. ಗಡಿಯಾರದ ಮುಂದೆ ಕುಳಿತು ಕೊಟ್ಟೆ. ಒಂದು ಹನಿ ತುಟಿಯಿಂದ ಜಾರಿದರೂ ಬೆರಳಿನಿಂದ ಒಳಗೆ ತಳ್ಳಿದೆ.

ಕರುಣಾ ಎರಡು ದಿನಕ್ಕೊಮ್ಮೆ ಭಾಲ್ಕಿಯಿಂದ ಬಸ್ಸು ಹಿಡಿದು ನೌಬಾದಕ್ಕೆ ಬರುತ್ತಿದ್ದಳು. ಗೇಟಿನ ಹೊರಗೆ ನಿಲ್ಲುತ್ತಿದ್ದಳು. ಕೈಯಲ್ಲಿ ಸ್ಟೀಲಿನ ಡಬ್ಬಿ, ಅದರಲ್ಲಿ ಹಿಂಡಿದ ಹಾಲು. ಶಾಂತಾಬಾಯಿ ಡಬ್ಬಿ ತೆಗೆದುಕೊಂಡು ಅವಳ ಕಣ್ಣ ಮುಂದೆಯೇ ಗಟಾರಕ್ಕೆ ಸುರಿದು, ಡಬ್ಬಿ ತೊಳೆದು ವಾಪಸು ಕೊಡುತ್ತಿದ್ದಳು. "ಬಿಸಿಲಾಗ ಬಂದಿದ್ದು ಕೆಟ್ಟಿರ್ತದ. ಡಬ್ಬಿ ನಿಮ್ಮದು ನಮಗ್ಯಾಕ." ಒಳಗೆ ತಾಯಿಯ ದನಿ ಕೇಳಿ ಕೂಸು ತಲೆ ತಿರುಗಿಸುತ್ತಿತ್ತು. ಕರುಣಾಳ ಕುಪ್ಪಸ ಎರಡೂ ಕಡೆ ಒದ್ದೆಯಾಗುತ್ತಿತ್ತು. ಓಣಿಯ ಹೆಂಗಸರು ನಿಂತು ನೋಡುತ್ತಿದ್ದರು. ಪಕ್ಕದ ಮನೆಯ ಅನ್ವರಿ ಬೇಗಂ ಒಂದು ದಿನ, "ಶಾಂತಾಬಾಯಿ, ಅಲ್ಲಾಗ ಹೆದರು" ಎಂದಳು. ಮರುದಿನವೇ ಅಮಿತ ಕೂಸನ್ನೂ ನಮ್ಮಿಬ್ಬರನ್ನೂ ಔರಾದಕ್ಕೆ, ಶಾಂತಾಬಾಯಿಯ ತವರಿಗೆ ಸಾಗಿಸಿದ. ಅಲ್ಲಿಯವರೆಗೆ ಬರುವ ಧೈರ್ಯ ಅವಳಿಗೆ ಆಗಲಾರದು ಎಂದು ಅವನ ಲೆಕ್ಕ.

ಔರಾದದಲ್ಲಿ ಡಬ್ಬಿಯ ಹಾಲು ಶಿವಾನಿಗೆ ಒಗ್ಗಲಿಲ್ಲ. ಕುಡಿದದ್ದರಲ್ಲಿ ಅರ್ಧ ಕಾರುತ್ತಿತ್ತು. ಹತ್ತನೇ ದಿನ ನೆಗಡಿ ಬಂತು. ಮೂಗು ಕಟ್ಟಿದರೆ ಚಮಚದ ಹಾಲೂ ಇಳಿಯದು. ನಾನು ಉಪ್ಪುನೀರಿನ ಹನಿ ಹಾಕಿ, ಕರುಣಾ ಮಾಡುತ್ತಿದ್ದಂತೆ ಹೆಗಲ ಮೇಲೆ ಹಾಕಿಕೊಂಡು ಗೋಡೆಗೆ ಒರಗಿ ಕುಳಿತೆ. ಎತ್ತಿಕೊಂಡರೆ ಸಾಕು, ತೂಕ ತಿಳಿಯುತ್ತಿತ್ತು. ನಾಲ್ಕಕ್ಕೆ ಬಂದಿತ್ತು. ಹೀಗೆಯೇ ಬಿಟ್ಟರೆ ಮುಂದಿನ ಶಿಬಿರದವರೆಗೆ ಅವಳು ಇರುವುದಿಲ್ಲ.

ಅಂದು ಊಟಕ್ಕೆ ಕುಳಿತಾಗ ಶಾಂತಾಬಾಯಿಗೆ ಹೇಳಿದೆ. ಬಚ್ಚಲು, ತಂಬಿಗೆ, ಹತ್ತು ದಿನ, ಎಲ್ಲ. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ.

"ಆಕಿ ಮ್ಯಾಲ ನಿಮಗ ಕನಿಕರ. ನನಗ ಗೊತ್ತಿಲ್ಲೇನು? ಹಂಗಂತ ಮತ್ತೊಬ್ಬರ ಹೊಲಸು ತಲಿಮ್ಯಾಲ ಹೊತ್ಗೋತಾರೇನು ಈ ವಯಸ್ಸಿನಾಗ?"

"ಖರೇ ಹೇಳ್ಲಿಕತ್ತೇನಿ."

"ಉಣ್ರಿ ಸುಮ್ಮ."

ಅಮಿತನಿಗೆ ಫೋನ್ ಮಾಡಿಸಿದೆ. ಅವನು ಪೂರ್ತಿ ಕೇಳಿದ. ಕೇಳಿ ನಕ್ಕ.

"ಅಪ್ಪಾ, ನೀ ಭಾಳ ಒಳ್ಳೆವ. ಆಕಿ ಫೋನ್ ಮಾಡಿ ಅತ್ತಿರಬೇಕು. ನಿನಗ ಸುಳ್ಳ ಹೇಳಲಿಕ್ಕ ಬರಂಗಿಲ್ಲ, ಸುಮ್ಮನ ಯಾಕ ಕಷ್ಟ ಪಡ್ತಿ."

ಮರುದಿನ ಬೆಳಿಗ್ಗೆ ಎಂಟಕ್ಕೆ ಔಷಧ ಕೊಟ್ಟೆ. ಶಾಂತಾಬಾಯಿ ಸ್ನಾನಕ್ಕೆ ಹೋಗಿದ್ದಳು. ಕೂಸನ್ನು ಶಾಲಿನಲ್ಲಿ ಸುತ್ತಿ, ಔಷಧದ ಬಾಟಲಿ ಮತ್ತು ಪಿಚಕಾರಿ ಜೇಬಿನಲ್ಲಿ ಇಟ್ಟುಕೊಂಡು ಭಾಲ್ಕಿಯ ಬಸ್ಸು ಹತ್ತಿದೆ. ಕೂಸು ದಾರಿಯುದ್ದಕ್ಕೂ ಕೆಮ್ಮಿತು. ಪಕ್ಕದಲ್ಲಿ ಕುಳಿತ ಹೆಂಗಸು ಮೂಗಿಗೆ ಸೆರಗು ಹಿಡಿದು, "ತಾಯಿ ಎಲ್ಲಿ ಹೋಗ್ಯಾಳ್ರಿ ಇಂಥಾ ಕೂಸಿನ ಬಿಟ್ಟು?" ಎಂದಳು. ಭಾಲ್ಕ್ಯಾಗ ಅದಾಳ ಎಂದೆ. ಕೂಸು ಒಮ್ಮೆ ಉಚ್ಚೆ ಹೊಯ್ದಿತು. ತೊಯ್ದ ದುಪ್ಪಟಿಯನ್ನು ಬಸ್ ನಿಲ್ದಾಣದ ಕಸದಲ್ಲಿ ಬಿಸಾಕಿ ಬೇರೆ ಸುತ್ತಿದೆ.

ಹತ್ತು ಗಂಟೆಗೆ ಅವರ ಮನೆ ಮುಟ್ಟಿದೆ. ಬಾಗಿಲು ತೆಗೆದವಳು ಕರುಣಾ. ನನ್ನ ಮುಖ ನೋಡಲಿಲ್ಲ. ಕೂಸನ್ನು ನನ್ನ ಹೆಗಲಿನಿಂದ ಎತ್ತಿಕೊಂಡಳು. ಪಾದ ಒತ್ತಿ ನೋಡಿದಳು. ಎದೆಗೆ ಕಿವಿ ಹಚ್ಚಿ, ತುಟಿಯಲ್ಲಿಯೇ ಎಣಿಸಿದಳು. ಕೂಸು ಅವಳ ಕುತ್ತಿಗೆಯಲ್ಲಿ ಮೂಗು ಇಟ್ಟು ಸುಮ್ಮನಾಯಿತು.

"ಮುಂಜಾನಿದು ಕೊಟ್ಟೀರೇನು?"

"ಕೊಟ್ಟೇನವ್ವ. ಎಂಟಕ್ಕ."

"ಎಷ್ಟು?"

"ನಾಲ್ಕು ಗೆರಿ."

ಆಗ ಮುಖ ನೋಡಿದಳು. "ನಾ ಹ್ಯಾಂಗ ನಂಬಲಿ?"

ಬಾಟಲಿ ತೆಗೆದು ಮುಂದೆ ಇಟ್ಟೆ. ಅವಳು ಮುಟ್ಟಲಿಲ್ಲ.

"ಕೊಟ್ಟಿದ್ದರ ಮ್ಯಾಲ ನಾ ಮತ್ತ ಕೊಟ್ರ ಕೂಸು ಒಣಗಿ ಹೋಗ್ತದ. ನೀವು ಕೊಟ್ಟಿರದಿದ್ರ, ನಾ ಬಿಟ್ರ, ಮತ್ತ ಉಬ್ಬತದ. ದಾರ್‍ಯಾಗ ಹೊಯ್ದಾಳೇನು? ಆ ಒದ್ದಿ ಅರಬಿ ಎಲ್ಲಿ?"

"ಬಿಸಾಕೇನಿ."

"ಬಿಸಾಕೀರಿ" ಎಂದಳು.

ಅವಳು ಡಾಕ್ಟರ್ ಇರಮ ಅವರಿಗೆ ಫೋನ್ ಹಚ್ಚಿದಳು. ನೆಗಡಿ, ಉಸಿರಿನ ಲೆಕ್ಕ ಎಲ್ಲ ಹೇಳಿದಳು. ಆಮೇಲೆ ಫೋನನ್ನು ನನ್ನ ಬಾಯಿಯ ಹತ್ತಿರ ಹಿಡಿದಳು. "ಹೇಳ್ರಿ."

ಹೇಳಿದೆ. ಮೂರನೇ ಸಲ ಹೇಳುತ್ತಿದ್ದೆ, ಮಾತು ತಡವರಿಸಲಿಲ್ಲ.

"ಎಷ್ಟು ದಿನ ಚೆಲ್ಲಿರಿ?" ಎಂದರು ಡಾಕ್ಟರು.

"ಹತ್ತು ದಿನರಿ. ಮಧ್ಯಾಹ್ನದ್ದು."

"ಮುಂಜಾನಿದು?"

"ಆಕಿ ಕೊಟ್ಟಾಳ್ರಿ. ಒಂದು ದಿನಾನೂ ಬಿಟ್ಟಿಲ್ಲ."

ಡಾಕ್ಟರು ನಂಬಿದರು. ಮನೆಯವರಿಗೆ ಗೊತ್ತಿದ್ದಂತೆ ನಾನು ಎಂಥ ಒಳ್ಳೆಯವನೆಂದು ಅವರಿಗೆ ಗೊತ್ತಿರಲಿಲ್ಲ. "ಅವತ್ತೇ ಹೇಳಿದ್ರ ಎರಡು ದಿನದ ಸೂಜಿ ಉಳೀತಿತ್ತು ಕೂಸಿಗಿ" ಎಂದರು. "ಕರುಣಾ, ಒದ್ದಿ ಮಾಡೋತನಕ ನೋಡು. ತಾಸಿನಾಗ ಮಾಡಿದ್ರ ಮುಂಜಾನಿದು ಹೋಗೇದ ಅಂತ ತಿಳಿ, ಎರಡಕ್ಕ ನೀನೇ ಕೊಡು. ಇಲ್ಲಂದ್ರ ಕೂಸಿನ ಇಲ್ಲಿಗಿ ತಾ. ನಿನ್ನ ಗಂಡಗ ನಾ ಫೋನ್ ಮಾಡ್ತೇನಿ, ಅದು ನನಗ ಬಿಡು. ಕೂಸು ನಿನ್ನ ಹತ್ರನೇ ಇರಲಿ. ಮತ್ತ ಅಜ್ಜಾ, ಇನ್ನಮ್ಯಾಲ ಪಿಚಕಾರಿ ಮುಟ್ಟಬ್ಯಾಡ್ರಿ."

"ಹೂಂ" ಎಂದೆ.

ಕರುಣಾ ಚಾಪೆಯ ಮೇಲೆ ಒಣ ಬಟ್ಟೆ ಹಾಸಿ, ದಿಂಬಿಗೆ ಒರಗಿಸಿ ಕೂಸನ್ನು ಇಟ್ಟಳು. ಚಮಚದಲ್ಲಿ ಹಾಲು ಬಿಟ್ಟಳು. ಹನಿ ಹನಿಯಾಗಿ. ಅವಳ ತಾಯಿ ಒಳಗಿನಿಂದ ಬಂದು ನನ್ನನ್ನು ನೋಡಿ, ಬಾಗಿಲಲ್ಲೇ ನಿಂತು, ತಿರುಗಿ ಒಳಗೆ ಹೋದಳು. ಆ ಮನೆಯಲ್ಲಿ ಬೀಗರಿಗೆ ನೀರು ಕೊಡದ ದಿನ ಅದೇ ಮೊದಲು ಇರಬೇಕು. ನಾನು ಗೋಡೆಯ ಹತ್ತಿರ ಕುಳಿತೆ. ಅವಳು ಕೂಸಿನ ಕಾಲ ಹತ್ತಿರ ಕುಳಿತಳು. ಹತ್ತೂವರೆ ಆಯಿತು. ಹತ್ತು ಐವತ್ತು ಆಯಿತು. ಬಟ್ಟೆ ಒಣಗಿಯೇ ಇತ್ತು. ಕೊಟ್ಟಿದ್ದು ನನಗೆ ಗೊತ್ತು. ಆದರೂ ಆ ಬಟ್ಟೆಯನ್ನು ನೋಡುತ್ತ ನೋಡುತ್ತ, ಕೊಟ್ಟಿದ್ದೇನೋ ಇಲ್ಲವೋ ಎಂದು ನನಗೇ ಅನುಮಾನ ಬಂತು. ಬಾಟಲಿ ಮುಚ್ಚಿದ್ದು ನೆನಪಿತ್ತು, ಕೂಸು ಬಾಯಿ ತೆರೆದದ್ದು ನೆನಪಿತ್ತು. ಬಾಯಿ ಅದು ಯಾವಾಗಲೂ ತೆರೆಯುತ್ತಿತ್ತು.

ಹನ್ನೊಂದಕ್ಕೆ ಸ್ವಲ್ಪ ಮೊದಲು ಕೂಸು ಒದ್ದೆ ಮಾಡಿತು. ಒಂದು ಸಲ, ಐದು ನಿಮಿಷ ಬಿಟ್ಟು ಮತ್ತೊಂದು ಸಲ. ಕರುಣಾ ಬಟ್ಟೆಯನ್ನು ತೆಗೆದು ಅಂಗೈಯಲ್ಲಿ ಹಿಡಿದು ನೋಡಿದಳು. ಅವಳ ಭುಜ ಇಳಿಯಿತು. ಬೇರೆ ಬಟ್ಟೆ ಹಾಸಿದಳು.

"ಎರಡಕ್ಕ ನಾ ಕೊಡ್ತೇನಿ" ಎಂದಳು, ಕೂಸಿಗೆ ಹೇಳಿದಳೋ ನನಗೋ. "ನೀವು ಹೋಗ್ರಿ."

"ಮುಂದಿನ ಶಿಬಿರಕ್ಕ ಬರ್ಲೇನವ್ವ?"

"ಬಂದು?"

ಎದ್ದೆ. ಶಾಲನ್ನು ಮಡಚಿದೆ. ಕೂಸು ನನ್ನ ಕಡೆ ನೋಡುತ್ತಿತ್ತು.

"ಒಮ್ಮಿ ಎತ್ಗೋಲೇನು?"

"ಬಸ್ಸಿನಾಗ ಬಂದೀರಿ" ಎಂದಳು ಕರುಣಾ. "ಕೈ ತೊಳಕೊಂಡಿಲ್ಲ."

ನಳ ಅಂಗಳದಲ್ಲಿತ್ತು. ಹೊರಗೆ ಹೋಗಿ, ಅಲ್ಲಿದ್ದ ಸಾಬೂನಿನಿಂದ ಮೊಣಕೈಯವರೆಗೆ ತೊಳೆದೆ. ಉಗುರಿನ ಸಂದಿಯನ್ನೂ ಉಜ್ಜಿದೆ. ಧೋತರಕ್ಕೆ ಒರೆಸಿದರೆ ಮತ್ತೆ ಹೊಲಸಾಗುತ್ತದೆಂದು ಒದ್ದೆ ಕೈಗಳನ್ನು ಮುಂದೆ ಹಿಡಿದುಕೊಂಡೇ ತಿರುಗಿದೆ. ಬಾಗಿಲು ಹಾಕಿತ್ತು. ಒಳಗಿನಿಂದ ಚಿಲಕ ಸರಿಯುವ ಸದ್ದು ಕೇಳಿತು. ಕೈ ಒಣಗುವವರೆಗೆ ಅಲ್ಲಿಯೇ ನಿಂತಿದ್ದೆ.